ಕಟಿಂಗ್ ಅಂಗಡಿ ಆರಿಸೋದು ಗಂಡಸ್ರ ಕೆಲಸ ಅಷ್ಟ ಅಲ್ರಿ



ಜಂಪರ್ ಹೊಲಿಯಾಕ ಕೊಡೂದಿದ್ರ ನಾವು ನಾಕ್ ಮಂದೀನ್ನ ಕೇಳ್ತೇವಿ. ಯಾರು ತೋಳು ಛಲೋ ಕೂಡಸ್ತಾರ, ಯಾರು ಹೇಳಿದ ದಿನಕ್ಕ ಕೊಡ್ತಾರ, ಎಲ್ಲಾ ವಿಚಾರಿಸಿ ಆಮ್ಯಾಲ ಬಟ್ಟಿ ಕೊಡ್ತೇವಿ. ಸಂತ್ಯಾಗ ಬದ್ನಿಕಾಯಿ ತೊಗೊಳ್ಳೂ ಮುಂದ ಒಂದೊಂದೂ ತಿರುವಿ ತೂತ ಐತೇನು ನೋಡ್ತೇವಿ. ಆದ್ರ ನಮ್ಮ ಮನಿ ಗಂಡಸ್ರ ಕುತ್ತಿಗಿ ಮ್ಯಾಲ ಹರಿತಾದ ಬ್ಲೇಡ್ ಇಡೋ ಅಂಗಡಿ ಹೆಂಗೈತಿ ಅಂತ ಯಾರರ ಕೇಳಿದ್ರ, "ಅಯ್ಯ, ಅದು ಗಂಡಸ್ರ ವಿಷಯ, ನಮಗೇನ್ ಗೊತ್ತು" ಅನ್ನೂದ ಭಾಳ.

ನನ್ನ ಅಭಿಪ್ರಾಯ ಬ್ಯಾರೆ ಐತ್ರಿ. ಕುರ್ಚಿ ಮ್ಯಾಲ ಕುಂದ್ರೂದು ಗಂಡಸ್ರು ಖರೆ. ಆದ್ರ ಆ ಅಂಗಡಿಯಿಂದ ಏನರ ಮನಿಗೆ ಬಂತಂದ್ರ ಅದನ್ನ ತೊಳೆಯೂದು, ಒರಸೂದು, ಮುಲಾಮು ಹಚ್ಚೂದು, ದವಾಖಾನಿಗೆ ಕರ್ಕೊಂಡು ಹೋಗೂದು ನಾವ. ಸಣ್ಣ ಹುಡುಗೂರನ್ನ ಕೈ ಹಿಡದು ಕಟಿಂಗಿಗೆ ಕರ್ಕೊಂಡು ಹೋಗೂದು ನಾವ. ಹಾಸಿಗಿ ಹಿಡದ ಮಾವಾರಿಗೆ ದಾಡಿ ಮಾಡಾಕ ಮನಿಗೆ ಯಾರನ್ನ ಕರೀಬೇಕು ಅಂತ ಗೊತ್ತ ಮಾಡೂದೂ ನಾವ. ಹಿಂಗಾಗಿ ಬೈಲಹೊಂಗಲದಾಗ ಇರ್ರಿ, ಕಿತ್ತೂರಾಗ ಇರ್ರಿ, ಸವದತ್ತಿ, ರಾಮದುರ್ಗ ಎಲ್ಲೇ ಇರ್ರಿ, ನಿಮ್ಮ ಮನಿಯವ್ರು ಹೋಗೋ ಅಂಗಡಿ ಒಮ್ಮೆ ನೀವ ಕಣ್ಣಾರೆ ನೋಡಬೇಕು ಅಂತ ನಾ ಹೇಳ್ತೇನಿ. ಏನ್ ನೋಡಬೇಕು ಅನ್ನೂದನ್ನ ಒಂದೊಂದ ಹೇಳ್ತೇನಿ.

ಮೊದಲ ಬ್ಲೇಡಿನ ವಿಷಯ. ಹಿಂದಕ ಉದ್ದನ್ನ ಕತ್ತಿ ಇರತಿತ್ತು, ಅದನ್ನ ತೊಗಲಿನ ಪಟ್ಟಿಗೆ ತಿಕ್ಕಿ ತಿಕ್ಕಿ ಹರಿತ ಮಾಡಿ ಒಂದ ಕತ್ತೀಲೆ ಇಡೀ ಊರಿಗೆ ದಾಡಿ ಮಾಡತಿದ್ರು. ಈಗ ಕತ್ತಿ ಆಕಾರದ ಹಿಡಿಕಿಗೆ ಅರ್ಧ ಬ್ಲೇಡ್ ಹಾಕ್ತಾರ. ಒಂದು ಬ್ಲೇಡ್ ಕಾಗದದಾಗ ಇದ್ದಂಗ ಮುರದು ಎರಡು ಮಾಡ್ತಾರ, ಒಬ್ಬರಿಗೆ ಒಂದು ಅರ್ಧ. ಇದ್ರಾಗ ತಪ್ಪೇನಿಲ್ಲ. ತಪ್ಪಾಗೂದು ಎಲ್ಲಿ ಅಂದ್ರ, ಹಿಂದಿನವ್ರಿಗೆ ಹಾಕಿದ ಅರ್ಧಾನ ನೀರಾಗ ಎದ್ದಿ, ಟವೆಲ್ಲಿಗೆ ಒರಸಿ, ಮುಂದಿನವ್ರ ಗಲ್ಲಕ್ಕ ಹಚ್ಚಿದಾಗ.

ನೀರಾಗ ಎದ್ದಿದ್ರ ಸ್ವಚ್ಛ ಆಗೂದಿಲ್ರಿ. ದಾಡಿ ಮಾಡೂ ಮುಂದ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯ ಆಗ್ತಾವು, ಕಣ್ಣಿಗೆ ಕಾಣದಷ್ಟು ರಕ್ತ ಬ್ಲೇಡಿಗೆ ಹತ್ತಿರತೈತಿ. ಹೆಪಟೈಟಿಸ್ ಬಿ ಅಂತ ಲಿವರಿಗೆ ಬರೋ ಕಾಮಣಿ ರೋಗದ ವೈರಸ್ ಒಣಗಿದ ರಕ್ತದಾಗೂ ಕಡಿಮಿ ಅಂದ್ರ ಏಳು ದಿನ ಜೀವಂತ ಇರತೈತಿ. ಹೆಪಟೈಟಿಸ್ ಸಿ ಅನ್ನೂದೂ ರಕ್ತದಿಂದ ರಕ್ತಕ್ಕ ಹರಡೋ ರೋಗ, ಅದಕ್ಕ ಲಸಿಕಿನೂ ಇಲ್ಲ. ಎಚ್.ಐ.ವಿ. ಮೈಯಿಂದ ಹೊರಗ ಭಾಳ ಹೊತ್ತು ಉಳ್ಯೂದಿಲ್ಲ, ಆದ್ರೂ ಒಬ್ಬರ ರಕ್ತ ಹತ್ತಿದ ಬ್ಲೇಡ್ ಇನ್ನೊಬ್ಬರಿಗೆ ಹಚ್ಚೂದು ಯಾವ ಲೆಕ್ಕದಾಗೂ ಸರಿ ಅಲ್ಲ. ಕುಂತ ಗಿರಾಕಿ ಮುಖ ನೋಡಿ ಯಾರಿಗೂ ರೋಗ ಗೊತ್ತಾಗೂದಿಲ್ಲ, ಆ ರೋಗ ಇದ್ದವ್ರಿಗೇನ ಎಷ್ಟೋ ವರ್ಷ ಗೊತ್ತಿರೂದಿಲ್ಲ. ಅದಕ್ಕ "ಅವ್ರು ನೋಡಾಕ ಛಲೋ ಮನಿಯವ್ರಿದ್ರು" ಅನ್ನೋ ಮಾತು ಇಲ್ಲಿ ನಡ್ಯೂದಿಲ್ಲ. ನಿಯಮ ಒಂದ: ಬ್ಲೇಡ್ ನಮ್ಮ ಕಣ್ಮುಂದ ಕಾಗದ ಬಿಚ್ಚಿ ಹಾಕಬೇಕು, ಕೆಲಸ ಆದ ಮ್ಯಾಲ ನಮ್ಮ ಕಣ್ಮುಂದ ತಗದು ಒಗೀಬೇಕು.

ಒಂದು ಬ್ಲೇಡಿಗೆ ಐದು ರೂಪಾಯಿನೂ ಆಗೂದಿಲ್ರಿ. ಅಂಗಡಿಯವ್ರ ಮ್ಯಾಲ ಭರೋಸ ಇಲ್ಲಂದ್ರ ಒಂದು ಪಾಕೀಟ ಬ್ಲೇಡ್ ತಂದು ಮನ್ಯಾಗ ಇಡ್ರಿ, ಹೋಗೂ ಮುಂದ ಒಂದು ಕಿಸೇಕ ಹಾಕಿ ಕಳಸ್ರಿ. ನಮ್ಮನಿಯವ್ರು ಮೊದಲ "ಇದೇನ್ ನಾಚಿಕಿ, ಸ್ವಂತ ಬ್ಲೇಡ್ ಒಯ್ಯೂದು" ಅಂದ್ರು. ಮದವಿ ಊಟಕ್ಕ ಹೋದಾಗ ಬ್ಯಾಗಿನ್ಯಾಗ ಸ್ವಂತ ನೀರಿನ ಬಾಟ್ಲಿ ಒಯ್ಯೂದ್ರಾಗ ನಾಚಿಕಿ ಇಲ್ಲ, ಇದ್ರಾಗ ಯಾಕ ಅಂತ ನಾ ಕೇಳಿದೆ. ಈಗ ಅವ್ರ ನೆನಪ ಮಾಡಿ ತೊಗೊಂಡು ಹೋಗ್ತಾರ.

ಒಗದ ಬ್ಲೇಡ್ ಎಲ್ಲಿ ಹೋಗ್ತೈತಿ ಅನ್ನೂದನ್ನೂ ನೋಡ್ರಿ. ಛಲೋ ಅಂಗಡ್ಯಾಗ ಮುಚ್ಚಳ ಇದ್ದ ಡಬ್ಬಿ ಇರತೈತಿ, ಮ್ಯಾಲ ಸಣ್ಣ ಸೀಳು ಮಾಡಿರ್ತಾರ, ಬ್ಲೇಡ್ ಅದ್ರಾಗ ಬೀಳತೈತಿ. ಕೂದಲದ ಜೋಡಿ ಕಸಕ್ಕ ಒಗದ್ರ ಬೆಳಿಗ್ಗೆ ಪುರಸಭೆ ಗಾಡಿಯವ್ರ ಕೈಗೆ ಹರೀತೈತಿ. ನಮ್ಮ ಕಸಾ ಎತ್ತೋ ಕೈನೂ ಯಾರದೋ ಮನಿ ಮಗಂದು, ಯಾರದೋ ಮನಿ ತಾಯಿದು.

ಇನ್ನ ಲಸಿಕಿ. ಈಗಿನ ಕೂಸುಗೋಳಿಗೆ ಹುಟ್ಟಿದ ಕೂಡ್ಲೆ ಹೆಪಟೈಟಿಸ್ ಬಿ ಲಸಿಕಿ ಹಾಕ್ತಾರ, ಆಮ್ಯಾಲ 6, 10, 14ನೇ ವಾರಕ್ಕ ಐದು ರೋಗದ ಇಂಜೆಕ್ಷನ್ನಿನ್ಯಾಗ ಅದೂ ಸೇರಿ ಬರತೈತಿ. ನಮ್ಮ ವಯಸ್ಸಿನ ಗಂಡಸ್ರಿಗೆ ಸಣ್ಣವ್ರಿದ್ದಾಗ ಅದು ಸಿಕ್ಕಿಲ್ಲ. ದೊಡ್ಡವ್ರೂ ಹಾಕಿಸ್ಕೋಬಹುದು: ಇವತ್ತೊಂದು, ತಿಂಗಳಿಗೊಂದು, ಆರು ತಿಂಗಳಿಗೊಂದು, ಮೂರು ಡೋಸು. ದಿನಾ ಹೊರಗ ದಾಡಿ ಮಾಡಿಸೋರು, ಮತ್ತ ಅಂಗಡ್ಯಾಗ ಕೆಲಸ ಮಾಡೋ ಹುಡುಗ್ರು, ಇವ್ರು ಡಾಕ್ಟರನ್ನ ಒಮ್ಮೆ ಕೇಳೂದು ಛಲೋ.

ಎರಡನೇದು ಟವೆಲ್ಲು, ಹಣಗಿ, ಮಷೀನು. ನಮ್ಮ ಸಣ್ಣ ಮಗ ಒಂದು ಸಲ ಬ್ಯಾರೆ ಊರಾಗ, ಹೆಸರು ಬ್ಯಾಡ, ಗದ್ದಲ ಇದ್ದ ಒಂದು ಅಂಗಡ್ಯಾಗ ಕಟಿಂಗ್ ಮಾಡಿಸ್ಕೊಂಡು ಬಂದ. ಹದಿನೈದು ದಿನದಾಗ ಕುತ್ತಿಗಿ ಹಿಂದ ಬಳಿ ಆಕಾರದ ಕೆಂಪನ್ನ ತುರಿಕಿ ಎದ್ತು. ಗಜಕರಣ. ಹಾಸಿಗಿ, ಹೊದಿಕಿ, ಟವೆಲ್ ಒಂದ ಇದ್ವಲ್ಲ, ಅಂವನಿಂದ ಅಂವನ ಅಪ್ಪಗ, ಅಲ್ಲಿಂದ ನನ್ನ ಕೈಗೆ. ಮನ್ಯಾಗಿನ ಅರಬಿ ಎಲ್ಲಾ ಬಿಸಿನೀರಾಗ ಕುದಿಸಿ ಬಿಸಲಿಗೆ ಹಾಕೂದ್ರಾಗ ಎರಡು ತಿಂಗಳು ಹೋದ್ವು. ಇದ್ರಾಗ ಒಂದು ಮಾತು ಎಲ್ಲಾರಿಗೂ ಹೇಳಬೇಕು. ಮೆಡಿಕಲ್ ಅಂಗಡ್ಯಾಗ ಚೀಟಿ ಇಲ್ಲದ ಕೊಡೋ ಟ್ಯೂಬಿನ ಮುಲಾಮಿನ್ಯಾಗ ಎಷ್ಟೋ ಸಲ ಸ್ಟೆರಾಯ್ಡ್ ಇರತೈತಿ. ಹಚ್ಚಿದ ಎರಡು ದಿನ ತುರಿಕಿ ನಿಲ್ಲತೈತಿ, ಬಿಟ್ಟ ಕೂಡ್ಲೆ ಮೊದಲಿಗಿಂತ ಹೆಚ್ಚಾಗಿ ಹರಡತೈತಿ. ಚರ್ಮದ ಡಾಕ್ಟರಿಗೆ ತೋರಿಸ್ರಿ, ಅವ್ರು ಹೇಳಿದಷ್ಟು ದಿನ ಪೂರ್ತಿ ಹಚ್ಚ್ರಿ.

ಅದಕ್ಕ ಅಂಗಡ್ಯಾಗ ಏನ್ ನೋಡಬೇಕಂದ್ರ, ಒಬ್ಬರ ಕುತ್ತಿಗಿಗೆ ಸುತ್ತಿದ ಟವೆಲ್ ಝಾಡಿಸಿ ಇನ್ನೊಬ್ಬರಿಗೆ ಸುತ್ತತಾರೇನು? ಕೂದಲಾ ಕತ್ತರಿಸೋ ಮಷೀನಿನ ಹಲ್ಲು ಬ್ರಶ್‌ಲೇ ಕೂದಲಾ ತಗದು ಸ್ಪಿರಿಟ್ ಹಚ್ಚಿ ಒರಸತಾರೇನು? ಹಣಗಿ ಸಾಬೂನು ನೀರಾಗ ತೊಳೀತಾರೇನು? ಕುರ್ಚಿ ಸುತ್ತ ಕೂದಲಾ ಗುಡ್ಡಿ ಬಿದ್ದು ಅದ್ರ ಮ್ಯಾಲ ಮಂದಿ ಅಡ್ಡಾಡಾಕತ್ತಾರೇನು? ಟವೆಲ್ ಅಂತೂ ಮನಿಯಿಂದ ಒಂದು ಸಣ್ಣದು ಕಳಿಸಿಬಿಡ್ರಿ, ಅದೊಂದು ಚಿಂತಿ ಹೋಗ್ತೈತಿ. ದಾಡಿ ಆದ ಮ್ಯಾಲ ತಿಕ್ಕೋ ತುರಟಿನೂ ನೋಡ್ರಿ. ತುರಟಿ ರಕ್ತ ನಿಲ್ಲಸತೈತಿ, ರೋಗ ಕೊಲ್ಲೂದಿಲ್ಲ. ಒಂದ ತುರಟಿ ಕಲ್ಲು ದಿನಾ ಇಪ್ಪತ್ತು ಗಲ್ಲಕ್ಕ ತಿಕ್ಕಿದ್ರ ಅದೂ ಬ್ಲೇಡಿನಂಗ ಆತಲ್ರಿ.

ಇಲ್ಲಿ ಒಂದು ಭ್ರಮಾ ಬಿಡಸ್ತೇನಿ. ಎಸಿ ಇದ್ರ, ತಿರುಗೋ ಕುರ್ಚಿ ಇದ್ರ, ಗ್ವಾಡಿ ತುಂಬ ಕನ್ನಡಿ ಇದ್ರ ಅದು ಸ್ವಚ್ಛ ಅಂಗಡಿ ಅಂತ ನಾವು ತಿಳ್ಕೊಂಡೇವಿ. ಗಿಡದ ಬುಡಕ ಒಂದು ಕಟ್ಟಿಗಿ ಕುರ್ಚಿ, ಒಂದು ಸಣ್ಣ ಕನ್ನಡಿ ಇಟ್ಕೊಂಡು ಕುಂತ ಮುದುಕರು ಹೊಸ ಬ್ಲೇಡ್ ಬಿಚ್ಚೂದನ್ನೂ ನಾ ನೋಡೇನಿ. ಮುನ್ನೂರು ರೂಪಾಯಿ ತೊಗೊಳ್ಳೋ ಕಡೆ ಹಳೇ ಬ್ಲೇಡ್ ತಿರುವಿ ಹಾಕೂದನ್ನೂ ಕೇಳೇನಿ. ಅಂಗಡಿ ಅಂದ ನೋಡಬ್ಯಾಡ್ರಿ, ಕೈಯಿನ ರೂಢಿ ನೋಡ್ರಿ.

ಮೂರನೇದು ಕೈಗುಣ. ಛಲೋ ಕೈ ಹೆಂಗ ಗೊತ್ತಾಗ್ತೈತಿ? ಸೋಪು ಹಚ್ಚೂಕಿಂತ ಮೊದಲ ಉಗುರಬೆಚ್ಚಗಿನ ನೀರು ಹಚ್ಚಿ ದಾಡಿ ಮೆತ್ತಗಾಗಾಕ ಎರಡು ನಿಮಿಷ ಬಿಡ್ತಾರ. ಬ್ಲೇಡ್ ಓಡ್ಸೂ ಮುಂದ ಇನ್ನೊಂದು ಕೈಲೇ ಚರ್ಮ ಜಗ್ಗಿ ಹಿಡೀತಾರ. ಮೊದಲ ಕೂದಲಾ ಬೆಳದ ದಿಕ್ಕಿಗೆ ತಗೀತಾರ, ಉಲ್ಟಾ ತಗ್ಯೂದಿದ್ರ "ಸಾಹೇಬ್ರ, ನಿಮಗ ಗುಳ್ಳಿ ಏಳ್ತಾವೇನ್ರಿ?" ಅಂತ ಕೇಳ್ತಾರ. ಗುಂಗುರು ದಾಡಿ ಇದ್ದವ್ರಿಗೆ ಉಲ್ಟಾ ನುಣ್ಣಗ ತಗದ್ರ ಕೂದಲಾ ಚರ್ಮದೊಳಗ ತಿರುಗಿ ಗುಳ್ಳಿ ಆಗ್ತಾವು. ಮೊಬೈಲ್ ಕಿವಿಗೆ ಹಿಡ್ಕೊಂಡು ಗಂಟಲ ಮ್ಯಾಲ ಬ್ಲೇಡ್ ಆಡಿಸೋ ಕೈ ಎಷ್ಟ ಚುರುಕ ಇದ್ರೂ ಬ್ಯಾಡ.

ಮನ್ಯಾಗ ಸಕ್ರಿ ಕಾಯಿಲೆ ಇದ್ದವ್ರಿದ್ರ, ಹಾರ್ಟಿಗೆ ಸ್ಟೆಂಟ್ ಹಾಕಿ ರಕ್ತ ತೆಳು ಮಾಡೋ ಗುಳಿಗಿ ನುಂಗವ್ರಿದ್ರ, ಅದನ್ನ ಕ್ಷೌರ ಮಾಡವ್ರಿಗೆ ಮೊದಲ ಹೇಳಬೇಕು. ಒಬ್ಬರಿಗೆ ಗಾಯ ಲಗೂ ಮಾಯೂದಿಲ್ಲ, ಇನ್ನೊಬ್ಬರಿಗೆ ರಕ್ತ ಲಗೂ ನಿಲ್ಲೂದಿಲ್ಲ. ಗಂಡಸ್ರು ಇದನ್ನ ತಾವಾಗಿ ಹೇಳೂದಿಲ್ಲ, ಬಿಡ್ರಿ. ಒಮ್ಮೆ ನಾವ ಹೇಳಿಟ್ರ ಮುಗೀತು.

ಕುತ್ತಿಗಿ ಲಟಕ್ ಅನಿಸೋ ರೂಢಿ ಐತಲ್ಲ, ಅದನ್ನ ಪೂರ್ತಿ ಬ್ಯಾಡ ಅಂತ ಹೇಳ್ರಿ. ತಲಿಗೆ ಎಣ್ಣಿ ಹಚ್ಚಿ ಮೆತ್ತಗ ತಿಕ್ಕಿದ್ರ ಅಡ್ಡಿಯಿಲ್ಲ. ಗದ್ದ ಹಿಡದು ಒಮ್ಮೆಲೆ ತಿರುವೂದು ಮಾತ್ರ ಅಪಾಯ. ಮೆದುಳಿಗೆ ರಕ್ತ ಒಯ್ಯೋ ನಾಳ ಕುತ್ತಿಗ್ಯಾಗ ಹಾಯ್ದು ಹೋಗ್ತಾವು, ಅವು ಒಳಗ ಹರದ್ರ ಲಕವಾ ಹೊಡೀತೈತಿ. 2024ರಾಗ ಬಳ್ಳಾರಿ ಕಡೆಯ 30 ವರ್ಷದ ಒಬ್ಬ ಯುವಕಗ ಕಟಿಂಗ್ ಅಂಗಡ್ಯಾಗ ಕುತ್ತಿಗಿ ತಿರುವಿಸ್ಕೊಂಡ ಮ್ಯಾಲ ಹಿಂಗ ಆಗಿದ್ದು ಪೇಪರಿನ್ಯಾಗ ಬಂದಿತ್ತು. ಪುಕ್ಕಟೆ ಮಾಡತೇನಿ ಅಂದ್ರೂ ಬ್ಯಾಡ.

ಕೂದಲಕ್ಕ ಕರೇ ಬಣ್ಣ ಹಚ್ಚಿಸ್ಕೊಳ್ಳೋರು ಈಗ ಭಾಳ, ಮದವಿ ಸೀಜನ್ನಿನ್ಯಾಗಂತೂ ಸಾಲ ಹಚ್ಚಿರ್ತಾರ. ಕಾಳಿ ಮೆಹಂದಿ ಅಂದ ಕೂಡ್ಲೆ ಮೆಹಂದಿ ಎಲಿ ಅಂತ ತಿಳೀಬ್ಯಾಡ್ರಿ. ಖರೇ ಮೆಹಂದಿ ಕೆಂಪಾಗ್ತೈತಿ, ಕಪ್ಪಾಗೂದಿಲ್ಲ. ಕಪ್ಪ ಮಾಡೂದು ಪಿಪಿಡಿ ಅನ್ನೋ ರಸಾಯನ. ಕೆಲವ್ರಿಗೆ ಅದು ಒಗ್ಗೂದಿಲ್ಲ, ಮುಖ ಬಾತು ಕಣ್ಣು ಮುಚ್ಚಿ ಹೋಗ್ತಾವು. ಎರಡು ದಿನ ಮೊದಲ ಕಿವಿ ಹಿಂದ ಇಲ್ಲಾ ಮೊಣಕೈ ಒಳಮಗ್ಗಲಿಗೆ ಒಂದು ಬೊಟ್ಟು ಹಚ್ಚಿ ನೋಡಿದ್ರ ಗೊತ್ತಾಗ್ತೈತಿ. ಮದವಿ ಹಿಂದಿನ ದಿನ ಹೊಸಾ ಬಣ್ಣ ಹಚ್ಚಿಸ್ಕೊಂಡು ಬೆಳಿಗ್ಗೆ ಬೀಗರ ಮುಂದ ಬಾತ ಮುಖ ಹೊತ್ತು ನಿಂದ್ರೂದು ಯಾರಿಗೂ ಬ್ಯಾಡ.

ಹುಡುಗೂರ ವಿಷಯ ಬ್ಯಾರೆ. 2018ರ ಕೊನೇಕ ಕೆಜಿಎಫ್ ಸಿನಿಮಾ ಬಂದ ಮ್ಯಾಲ ನಮ್ಮ ಕಡೆ ಮೀಸಿ ಮೂಡದ ಹುಡುಗೂರೂ ದಾಡಿ ಕನಸ ಕಾಣಾಕ ಶುರು ಮಾಡಿದ್ವು. ಈಗ ಮೊಬೈಲಿನ್ಯಾಗ ಕ್ರಿಕೆಟ್ ಆಡವ್ರ ಫೋಟೋ ತೋರ್ಸಿ "ಹಿಂಗ ಮಾಡ್ರಿ" ಅಂತಾವು. ಛಲೋ ಅಂಗಡಿಯವ್ರು "ಸಾಲಿಗೆ ಹೋಗಬೇಕಲ್ಲೋ ತಮ್ಮಾ, ಮಗ್ಗಲಿಗೆ ಇಷ್ಟ ಸಣ್ಣ ಮಾಡಿದ್ರ ಮಾಸ್ತರು ಹೊರಗ ನಿಂದ್ರಸ್ತಾರ" ಅಂತ ತಿಳಿಸಿ ಹೇಳ್ತಾರ. ಗಿರಾಕಿಗೆ ಇಲ್ಲ ಅನ್ನೋ ಧೈರ್ಯ ಇದ್ದವ್ರ ಕಡೆ ಮಕ್ಕಳನ್ನ ಒಬ್ಬೊಬ್ಬರ ಕಳಿಸಾಕ ನನಗ ಅಂಜಿಕಿ ಇಲ್ಲ.

ಮತ್ತ ಜಾವಳ. ನಮ್ಮ ಈ ನಾಕೂ ತಾಲೂಕಿನ್ಯಾಗ ಎಷ್ಟೋ ಮನಿ ಕೂಸುಗೋಳ ಮೊದಲ ಕೂದಲಾ ಸವದತ್ತಿ ಯಲ್ಲಮ್ಮನ ಗುಡ್ಡದಾಗ ತಗಸ್ತಾರ, ರಾಮದುರ್ಗ ಕಡೆಯವ್ರು ಗೊಡಚಿ ವೀರಭದ್ರಗ ಹೋಗ್ತಾರ. ಸೋದರಮಾವನ ತೊಡಿ ಮ್ಯಾಲ ಕೂಸಿನ್ನ ಕುಂದ್ರಿಸಿ, ಹೊಸಾ ಅಂಗಿ ತೊಡಿಸಿ, ಎಷ್ಟ ಸಂಭ್ರಮ! ಆದ್ರ ಹುಣ್ಣಿವಿ ಗದ್ದಲದಾಗ ಒಂದರ ಹಿಂದ ಒಂದು ತಲಿ ಬೋಳಿಸೂ ಮುಂದ ಯಾವ ಬ್ಲೇಡ್ ಅಂತ ನೋಡೋರ್ ಯಾರು? ಉಡಿ ತುಂಬೋ ಸಾಮಾನಿನ ಜೋಡಿ ಒಂದು ಹೊಸಾ ಬ್ಲೇಡ್ ಪಾಕೀಟ, ಒಂದು ಸ್ವಚ್ಛ ವಸ್ತ್ರ, ಥರ್ಮಾಸಿನ್ಯಾಗ ಬೆಚ್ಚನ್ನ ನೀರು ಇಟ್ಕೊಳ್ರಿ. ಕೂಸಿನ ನೆತ್ತಿ ಕೂಡಾಕ ಒಂದೂವರಿ ವರ್ಷದ ಮಟಾ ಹಿಡೀತೈತಿ, ಅಲ್ಲಿ ಎಲುಬು ಇನ್ನೂ ಕೂಡಿರೂದಿಲ್ಲ. ಅವಸರ ಮಾಡಬ್ಯಾಡ್ರಿ. ಕೂಸು ಹೊಯ್ಕೊಂಡು ಅತ್ರ ಕೈ ನಿಲ್ಲಿಸಿ, ಸಮಾಧಾನ ಮಾಡಿ, ಆಮ್ಯಾಲ ಮುಂದುವರಿಸೋರನ್ನ ಆರಿಸ್ರಿ. ದೇವಿಗೆ ಕೂದಲಾ ಮುಟ್ಟಬೇಕು, ಕೂಸಿನ ರಕ್ತ ಅಲ್ಲ.

ಈಗ ಮನಿಗೆ ಬಂದು ಮಾಡೋ ಕೆಲಸದ ಬಗ್ಗೆ. ನಮ್ಮ ಮಾವಾರಿಗೆ ಲಕವಾ ಹೊಡದು ಎರಡು ವರ್ಷ ಹಾಸಿಗ್ಯಾಗ ಇದ್ರು. ವಾರಕ್ಕೊಮ್ಮೆ ಒಬ್ಬ ಅಣ್ಣಾರು ಮನಿಗೆ ಬಂದು ದಾಡಿ ಮಾಡತಿದ್ರು. ಬಂದ ಕೂಡ್ಲೆ ಕೈ ತೊಳ್ಕೊಂಡು, ಎರಡು ತಲಿದಿಂಬ ಇಟ್ಟು ತಲಿ ಎತ್ತರ ಮಾಡಿ, ಬಿಸಿ ವಸ್ತ್ರ ಹಿಂಡಿ ಗಲ್ಲದ ಮ್ಯಾಲ ಇಡತಿದ್ರು. ಸತ್ವ ಹೋದ ಎಡಗಲ್ಲ ಜೋಲು ಬಿದ್ದಿತ್ತು, ಅಲ್ಲಿ ಬ್ಲೇಡ್ ತಾಗಿದ್ರೂ ಮಾವಾರಿಗೆ ಗೊತ್ತಾಗತಿರಲಿಲ್ಲ. ಅದಕ್ಕ ಆ ಕಡೆ ಇನ್ನೂ ಸಾವಕಾಶ ಮಾಡತಿದ್ರು. ಮುಗದ ಮ್ಯಾಲ ಕನ್ನಡಿ ಹಿಡದು "ಗೌಡ್ರ, ನೋಡ್ರಿ, ಮದುಮಗ ಆದ್ರಿ" ಅಂದ್ರ, ಮಾತ ಹೋಗಿದ್ದ ಮಾವಾರ ಕಣ್ಣಾಗ ನಗು ಬರತಿತ್ತು. ಆ ವಾರಪೂರ್ತಿ ಗುಳಿಗಿ ನುಂಗಿಸೂದು ನನಗ ಹಗುರ ಆಗತಿತ್ತು. ಇದಕ್ಕ ಎಷ್ಟ ರೊಕ್ಕ ಕೊಟ್ರೂ ಕಡಿಮೀನ. ಅಂಗಡಿ ಮುಚ್ಚಿ, ಗಿರಾಕಿ ಬಿಟ್ಟು ಮನಿಗೆ ಬಂದವ್ರಿಗೆ ಅಂಗಡಿ ರೇಟು ಕೊಟ್ಟು ಕಳಿಸೂದು ನ್ಯಾಯ ಅಲ್ಲ. ಅದ್ರ ಎರಡರಷ್ಟು ಕೊಡ್ರಿ, ಚಾ ಕೊಡ್ರಿ, ನೀವು ಕುಡಿಯೋ ಕಪ್ಪಿನ್ಯಾಗ ಕೊಡ್ರಿ.

ಕಪ್ಪಿನ ಮಾತು ಬಂತಲ್ಲ, ಅದನ್ನ ಬಿಚ್ಚಿ ಹೇಳತೇನಿ. ಹಿಂದಕ ಆಯದ ಪದ್ಧತಿ ಇತ್ತು. ಕ್ಷೌರದವ್ರು ಮನಿ ಮನಿಗೆ ಬಂದು ಕಟ್ಟಿ ಮ್ಯಾಲ ಕುಂದ್ರಿಸಿ ಕೂದಲಾ ತಗ್ಯೂದು, ರಾಶಿ ಆದಾಗ ಅವ್ರಿಗೆ ಜ್ವಾಳ ಅಳದು ಕೊಡೂದು. ಕೊಟ್ಟಷ್ಟು ತೊಗೊಂಡು ಹೋಗಬೇಕು, ಕೇಳಂಗಿಲ್ಲ. ಚಾ ಕುಡಿಯಾಕ ಬ್ಯಾರೆ ಬಟ್ಟಲಾ, ಗ್ವಾಡಿ ಸಂದ್ಯಾಗ ಇಟ್ಟಿರತಿದ್ರು. ಬೆಳಿಗ್ಗೆ ಎದ್ದ ಕೂಡ್ಲೆ ಅವ್ರ ಮುಖ ನೋಡಬಾರ್ದು ಅನ್ನೋ ಹುಚ್ಚ ನಂಬಿಕಿ. ಅವ್ರ ಕಸಬಿನ ಹೆಸರನ್ನ ಬೈಗಳಾ ಮಾಡಿ ಇವತ್ತಿಗೂ ಬಾಯಿಗೆ ಬಂದಂಗ ಅಂತಾರ. ಇಂಥಾದ್ದನ್ನ ಹನ್ನೆರಡನೇ ಶತಮಾನದಾಗ ಬಸವಣ್ಣನವ್ರು ಒಪ್ಪಲಿಲ್ಲ. ಹಡಪದ ಅಪ್ಪಣ್ಣನವ್ರನ್ನ ಅವ್ರು ತಮ್ಮ ಆಪ್ತರನ್ನಾಗಿ ಮಾಡ್ಕೊಂಡ್ರು. ಬಸವಣ್ಣನವ್ರನ್ನ ಕಾಣಾಕ ಬಂದವ್ರು ಮೊದಲ ಅಪ್ಪಣ್ಣನವ್ರ ಮುಖ ನೋಡಿ ಆಮ್ಯಾಲ ಒಳಗ ಹೋಗಬೇಕಾಗತಿತ್ತು ಅಂತ ಹಿರ್ಯಾರು ಹೇಳ್ತಾರ. ಅಪ್ಪಣ್ಣನವ್ರೂ ವಚನ ಬರದಾರ, ಅವ್ರ ಹೆಂಡತಿ ಲಿಂಗಮ್ಮನವ್ರೂ ಬರದಾರ. ನಮ್ಮ ಮನ್ಯಾಗ ಬಸವ ಜಯಂತಿ ಮಾಡಿ, ಹೋಳಗಿ ಉಂಡು, ಕ್ಷೌರದ ಅಣ್ಣಗ ಬ್ಯಾರೆ ಕಪ್ಪು ಇಟ್ರ ಆ ಜಯಂತಿಗೆ ಏನ್ ಅರ್ಥ ಬಂತ್ರಿ?

ಇದ್ರ ಇನ್ನೊಂದು ಮಗ್ಗಲ ಐತಿ, ಅದ ನನ್ನ ಮನಸಿಗೆ ಭಾಳ ಚುಚ್ಚೂದು. ಕೆಲವು ಹಳ್ಳ್ಯಾಗ ಇವತ್ತಿಗೂ ದಲಿತರ ಹುಡುಗೂರಿಗೆ ಕುರ್ಚಿ ಕೊಡೂದಿಲ್ಲ. "ಇವತ್ತು ಅಂಗಡಿ ಬಂದ್" ಅಂತಾರ, "ಪ್ಯಾಟಿಗೆ ಹೋಗ್ರಿ" ಅಂತಾರ. 2024ರ ಆಗಸ್ಟಿನ್ಯಾಗ ಕೊಪ್ಪಳ ಜಿಲ್ಲಾ ಯಲಬುರ್ಗಾ ತಾಲೂಕಿನ ಸಂಗನಹಾಳದಾಗ ಕಟಿಂಗ್ ಮಾಡಿಸಾಕ ಹೋದ ದಲಿತ ಯುವಕನ ಕೊಲಿ ಆತು, ಕತ್ರಿಲೇ ಇರದು ಕೊಂದ ಆರೋಪದ ಮ್ಯಾಲ ಅಂಗಡಿಯವನ್ನ ಪೊಲೀಸರು ಹಿಡದ್ರು. ಕೂದಲಾ ತಗಿಸ್ಕೋಬೇಕು ಅಂದದ್ದಕ್ಕ ಒಂದು ತಾಯಿ ಮಗಾ ಮನಿಗೆ ತಿರುಗಿ ಬರಲಿಲ್ಲ.

ಹಂಗಂತ ಎಲ್ಲಾ ತಪ್ಪು ಕತ್ರಿ ಹಿಡದವ್ರ ಮ್ಯಾಲ ಹಾಕಿ ನಾವು ಸುಮ್ಮನ ಕುಂದ್ರೂದು ಸರಿ ಅಲ್ಲ. 2020ರಾಗ ಮೈಸೂರು ಜಿಲ್ಲಾ ನಂಜನಗೂಡು ತಾಲೂಕಿನ ಹಲ್ಲರೆ ಊರಾಗ ಏನಾತು? ಅಲ್ಲಿಯ ಕ್ಷೌರಿಕರೊಬ್ಬರು ಎಲ್ಲಾ ಜಾತಿಯವ್ರಿಗೂ ಕಟಿಂಗ್ ಮಾಡತೇನಿ ಅಂದ್ರು. ಅದಕ್ಕ ಊರಿನ ಪ್ರಬಲರು ಬಹಿಷ್ಕಾರ ಹಾಕಿದ್ರು, 50,000 ರೂಪಾಯಿ ದಂಡ ಕೇಳಿದ್ರು ಅಂತ ಅವ್ರ ದೂರಿತ್ತು. ಅಂದ್ರ ಕುರ್ಚಿ ಕೊಡದಿದ್ರ ಕಾನೂನು ಹಿಡೀತೈತಿ, ಕೊಟ್ರ ಊರು ಹೊರಗ ಹಾಕತೈತಿ. ಆ ಅಂಗಡಿಯವ್ರಿಗೆ ಅಂಜಿಕಿ ಹಾಕೋರು ಯಾರು? "ಅವ್ರು ಕುಂತ ಕುರ್ಚಿ ಮ್ಯಾಲ ನಾವು ಕುಂದ್ರೂದಿಲ್ಲ" ಅನ್ನೋ ಗಿರಾಕಿಗೋಳು. ಆ ಗಿರಾಕಿಗೋಳು ಯಾರು? ನಮ್ಮಂಥಾ ಮನಿ ಗಂಡಸ್ರು. ಅದಕ್ಕ ಈ ಗಂಟು ಬಿಚ್ಚೂದು ಅಂಗಡ್ಯಾಗ ಅಲ್ರಿ, ಅಡಗಿಮನ್ಯಾಗ. ಗಂಡಗ, ಮೈದುನಗ, ಮಗಗ ಅನ್ನ ನೀಡೂ ಮುಂದ ನಾವ ಕೇಳಬೇಕು: "ನೀವು ಹೋಗೋ ಅಂಗಡ್ಯಾಗ ಎಲ್ಲಾರಿಗೂ ಕುರ್ಚಿ ಐತೇನ್ರಿ? ಇಲ್ಲಂದ್ರ ನೀವ ಮೊದಲ ಹೇಳ್ರಿ, ನಮಗೇನೂ ಅಡ್ಡಿಯಿಲ್ಲ, ಎಲ್ಲಾರಿಗೂ ಮಾಡ್ರಿ ಅಂತ." ಊರಾನ ನಾಕು ಗಟ್ಟಿ ಮನಿಯವ್ರು ಹಿಂಗಂದ್ರ ಅಂಗಡಿಯವ್ರ ಅರ್ಧ ಅಂಜಿಕಿ ಅಲ್ಲೇ ಹೋಗ್ತೈತಿ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತಾ ತಗದು ಹಾಕೇತಿ. ಅಂಗಡಿಗೆ ಹೋಗಾಕ ಜಾತಿ ಕಾರಣಕ್ಕ ಯಾರನ್ನೂ ತಡೀಬಾರ್ದು ಅಂತ 15ನೇ ವಿಧಿ ಹೇಳತೈತಿ. 1955ರ ನಾಗರಿಕ ಹಕ್ಕು ರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಎರಡೂ ಅದಾವು. ಕಾಯ್ದೆ ಇರಲಿ, ನನಗ ತಿಳಿಯೂದು ಇಷ್ಟ: ಕೂದಲಾ ಎಲ್ಲಾರ ತಲಿ ಮ್ಯಾಲೂ ಬೆಳೀತೈತಿ, ಕೆಳಗ ಬಿದ್ದ ಮ್ಯಾಲ ಯಾರ ಕೂದಲಾ ಯಾವುದು ಅಂತ ಆ ದೇವರಿಗೂ ಆರಿಸಾಕ ಬರೂದಿಲ್ಲ.

ಕೆಲವ್ರು ಕೇಳಬಹುದು, "ಬಡ ಅಂಗಡಿಯವ್ರು ಪಾಪ, ಇಷ್ಟೆಲ್ಲಾ ಹೊಸ ಬ್ಲೇಡು, ಸ್ಪಿರಿಟು, ಟವೆಲ್ಲು ಎಲ್ಲಿಂದ ತರಬೇಕು?" ಅಂತ. ಖರೆ ಮಾತು. ದಿನದ ಗಳಿಕಿ ಮ್ಯಾಲ ಬದುಕೋ ಮಂದಿ. 2020ರಾಗ ಕೋವಿಡ್ ಬಂದು ಸುಮಾರು ಎರಡು ತಿಂಗಳ ಅಂಗಡಿ ಮುಚ್ಚಿದಾಗ ನಮ್ಮ ಗಂಡಸ್ರ ತಲಿ ಇಲಿ ಕಡದಂಗ ಆಗಿದ್ವು, ಅಷ್ಟ. ಅವ್ರ ಮನ್ಯಾಗ ಒಲಿ ಆರಿತ್ತು. ಆಗ ರಾಜ್ಯ ಸರಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಅಂತ ಘೋಷಣಾ ಮಾಡಿತ್ತು. ನಮ್ಮ ಕಡೆ ಶ್ರಾವಣ ಬಂತಂದ್ರ ಎಷ್ಟೋ ಗಂಡಸ್ರು ತಿಂಗಳಪೂರ್ತಿ ಕೂದಲಕ್ಕ ಕೈ ಹಚ್ಚೂದಿಲ್ಲ, ಆ ತಿಂಗಳಾ ಅವ್ರ ಗಲ್ಲಾ ಪೆಟಗಿ ಖಾಲಿ. ಹಿಂಗಿದ್ದಾಗ ಹತ್ತು ರೂಪಾಯಿ ಸಂಬಂಧ ಚೌಕಾಶಿ ಮಾಡಿ, ಮತ್ತ ಹೊಸ ಬ್ಲೇಡ್ ಹಾಕ್ರಿ ಅಂದ್ರ ಹೆಂಗ? ಸ್ವಚ್ಛ ಬೇಕಂದ್ರ ಅದ್ರ ರೊಕ್ಕ ಕೊಡಬೇಕು. ಐದು ಹತ್ತು ರೂಪಾಯಿ ಹೆಚ್ಚ ಕೊಟ್ಟು "ಹೊಸ ಬ್ಲೇಡಿಗೆ ಅಂತ ಕೊಟ್ಟೇನ್ರಿ" ಅಂತ ಬಾಯಿ ಬಿಟ್ಟು ಹೇಳ್ರಿ. ಬ್ಯಾರೆ ಏನೂ ಬ್ಯಾಡ, ಗಿರಾಕಿ ನೋಡಾಕತ್ತಾರ ಅಂತ ಗೊತ್ತಾದ್ರ ಕೈ ತಾನ ಸರಿ ಆಗ್ತೈತಿ.

"ನಮ್ಮ ಅಜ್ಜಾರು ಒಂದ ಕತ್ತೀಲೆ ದಾಡಿ ಮಾಡಿಸ್ಕೊಂಡು ತೊಂಬತ್ತು ವರ್ಷ ಬದುಕಿದ್ರು" ಅನ್ನೋರೂ ಅದಾರ. ಬದುಕಿದ ಅಜ್ಜಾರ ಕತಿ ನಮಗ ಗೊತ್ತೈತಿ, ಕಾಮಣಿ ಆಗಿ ನಲವತ್ತಕ್ಕ ಹೋದವ್ರ ಕತಿ ಹೇಳೋರ್ ಯಾರು?

ಹಿಂಗಾಗಿ ಅಕ್ಕಾರ, ಮುಂದಿನ ಸಲ ಮಗನ್ನ ಕರ್ಕೊಂಡು ಹೋದಾಗ ಬಾಗಲದಾಗ ನಿಂತು ಮೊಬೈಲ್ ನೋಡಬ್ಯಾಡ್ರಿ. ಒಳಗ ಹೋಗಿ ಹತ್ತ ನಿಮಿಷ ಬೆಂಚಿನ ಮ್ಯಾಲ ಕುಂದ್ರ್ರಿ. ಗಂಡಸ್ರ ಅಂಗಡಿ ಅಂತ ಯಾರೂ ಏನೂ ಅನ್ನೂದಿಲ್ಲ, ಅಂದ್ರ ಅನ್ನಲಿ. ಬ್ಲೇಡ್ ಬಿಚ್ಚೂದು ನೋಡ್ರಿ, ಒಗ್ಯೂದು ನೋಡ್ರಿ, ಟವೆಲ್ ನೋಡ್ರಿ, ಕೈ ನೋಡ್ರಿ. ಅಂಗಡಿಯವ್ರಿಗೆ ಅಣ್ಣಾ, ತಮ್ಮಾ ಅಂತ ಮಾತಾಡ್ರಿ, ಕಸಬಿನ ಹೆಸರ ಹಿಡದು ಕರೀಬ್ಯಾಡ್ರಿ. ಕಡೀಕ ಆ ಬೆಂಚಿನ ಮ್ಯಾಲ ಯಾರ್ ಯಾರು ಪಾಳಿ ಹಚ್ಚಿ ಕುಂತಾರ ಅಂತ ನೋಡ್ರಿ. ಊರಾನ ಎಲ್ಲಾ ಓಣಿ ಹುಡುಗೂರು ಅಲ್ಲಿ ಒಬ್ಬರ ಮಗ್ಗಲಕ್ಕ ಒಬ್ಬರು ಕುಂತಿದ್ರ, ಪಾಳಿ ಬಂದಂಗ ಕುರ್ಚಿ ಏರಾಕತ್ತಿದ್ರ, ನಿಮ್ಮ ಮಗನ್ನೂ ಅಲ್ಲೇ ಪಾಳಿಗೆ ಹಚ್ರಿ.